ಒಲೆಯನ್ನೇರದ ವ್ಯಂಜನ

ಮಂಡ್ಯ ಸೀಮೆಯ ಊಟವೆಂದೊಡನೆ ಮುದ್ದೆ, ಉಪ್ಪುಸಾರುಗಳು ನೆನಪಾಗುತ್ತವೆ. ಅವುಗಳ ಪಕ್ಕದಲ್ಲಿ ಒಲೆಯನ್ನೇರದ ವ್ಯಂಜನವೊಂದಕ್ಕೂ ಎಡೆಯಿದೆ, ಅದು ಕೋಸಂಬರಿ. ಅದನ್ನು ರಾಮನವಮಿಗೆ ಮಾತ್ರ ಮೀಸಲಿಡಬೇಕಾಗಿಲ್ಲ.

ನಾಲೆಯ ನೀರುಂಡ ಶ್ರೀರಂಗಪಟ್ಟಣ, ಪಾಂಡವಪುರಗಳ ಗದ್ದೆಬದುಗಳಲ್ಲಿ ಒಂದೆಲಗ ಹಬ್ಬುತ್ತದೆ. ನಾಗಮಂಗಲ, ಕೃಷ್ಣರಾಜಪೇಟೆಗಳ ಮಳೆ ನೆಚ್ಚಿದ ರಾಗಿಹೊಲಗಳಲ್ಲಿ ಅಣ್ಣೆಸೊಪ್ಪು ತಾನಾಗಿ ಏಳುತ್ತದೆ. ಅಣ್ಣೆ ಬೆಂದರೆ ರುಚಿ. ಒಂದೆಲಗ ಹಸಿಯಾಗಿಯೇ ಸೊಗಸು.

ಎರಡು ಹಿಡಿ ಹೆಸರುಬೇಳೆಯನ್ನು ಒಂದು ಗಂಟೆ ನೆನೆಯಿಸಿ ಬಸಿಯಿರಿ. ಒಂದೆಲಗ, ಕೊತ್ತಂಬರಿ, ಎರಡು ದೊಡ್ಡಪತ್ರೆ ಎಲೆಗಳನ್ನು ಚೆನ್ನಾಗಿ ತೊಳೆದು, ನೀರಾರಿದ ಮೇಲೆ ಸಣ್ಣಗೆ ಹೆಚ್ಚಿ, ಸೌತೆ ಹಾಗೂ ಕಾಯಿತುರಿಯೊಡನೆ ಬೆರೆಸಿರಿ. ನುಗ್ಗೆಯ ಹೂವನ್ನು ಸಾಸಿವೆಯ ಒಗ್ಗರಣೆಯಲ್ಲಿ ಬಾಡಿಸಿ ಸೇರಿಸಿರಿ. ದಾಸವಾಳದ ಎಸಳುಗಳನ್ನು ಹಸಿಯಾಗಿಯೇ ಹರಡಿರಿ. ನಿಂಬೆರಸ, ಉಪ್ಪು ಬಡಿಸುವ ಹೊತ್ತಿಗೆ ಬೀಳಲಿ. ಮೊದಲೇ ಹಾಕಿದರೆ ಸೌತೆ ನೀರುಬಿಡುತ್ತದೆ.

ಅಂದವಾದ ಹೂವೆಲ್ಲ ಆಹಾರವಲ್ಲ. ಬೇಲಿಯ ಕಣಗಿಲೆ ವಿಷ. ಪಾಕಕ್ಕೆ ಗ್ರಂಥವುಂಟು, 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅದಕ್ಕೊಂದು ಅಧ್ಯಾಯವೇ ಇದೆ. ಆದರೆ ಬೆರಕೆಸೊಪ್ಪು ಕೀಳುವ ಹೆಂಗಸರಿಗೆ ಹೊಲವೇ ಗ್ರಂಥ. ಮಕ್ಕಳಿಗೆ ಅವರು ಪಾಠ ಹೇಳಿದ್ದೂ ಅಲ್ಲಿಯೇ. ಇಂದು ಕಳೆನಾಶಕ ಬಿದ್ದ ಬದುವಿನಲ್ಲಿ ಸೊಪ್ಪು ಉಳಿಯುವುದಿಲ್ಲ. ಅಳಿದುಳಿದದ್ದು ತಿನ್ನಲು ಯೋಗ್ಯವೂ ಅಲ್ಲ. ಸೊಪ್ಪು ಅಳಿದರೆ ಅದರ ಹೆಸರೂ, ಅದನ್ನು ಗುರುತಿಸುವ ಕಣ್ಣೂ ಅಳಿಯುತ್ತವೆ.

ಪಟ್ಟಣದವರು ಕುಂಡವೊಂದರಲ್ಲಿ ಒಂದೆಲಗವನ್ನು ನೆಡಬಹುದು. ಬೇರುಳ್ಳ ಒಂದು ಕುಡಿ ಸಾಕು. ಅದನ್ನು ಬಲ್ಲ ಹಿರಿಯರಿಂದಲೇ ಕೇಳಿ ತನ್ನಿ. ಕುಡಿಯೊಡನೆ ಇನ್ನೂ ನಾಲ್ಕು ಸೊಪ್ಪುಗಳ ಹೆಸರು ಮನೆಗೆ ಬಂದಾವು.