ಫಾರ್ಮ್ಯಾಟ್ ಮಾಡಿಸುವ ಮೊದಲು ಯಂತ್ರ ಹೇಳುವುದನ್ನು ಓದಿ

(ಮನೆಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡ ಹುಡುಗ ಹುಡುಗಿಯರ ಭಾನುವಾರದ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಎಂಜಿನಿಯರ್ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಮದುವೆ ಕರೆಯೋಲೆ, ಬಿಲ್ ಬುಕ್ಕು, ಕರಪತ್ರ, ವರ್ಷಕ್ಕೆ ನಾಲ್ಕೈದು ಪುಸ್ತಕ, ಇಷ್ಟೇ ನನ್ನ ಪ್ರಪಂಚ. ಇವನಿಗೆ ಕಂಪ್ಯೂಟರ್ ಪಾಠ ಹೇಳುವ ಯೋಗ್ಯತೆ ಎಲ್ಲಿಂದ ಬಂತು ಎಂದು ಹಿಂದಿನ ಬೆಂಚಿನಲ್ಲಿ ಇಬ್ಬರು ಪಿಸುಗುಟ್ಟುತ್ತಿರುವುದು ಕಾಣುತ್ತಿದೆ. ನ್ಯಾಯವಾದ ಪ್ರಶ್ನೆಯೇ. ಕೆಟ್ಟುನಿಂತ ಯಂತ್ರದ ಮುಂದೆ ಕೂತು ಬೆವರಿದ್ದರಿಂದ ಬಂತು, ಬೇರೆ ಯಾವ ಪದವಿಯೂ ನನಗಿಲ್ಲ.

ನಮ್ಮಪ್ಪನ ಟ್ರೆಡಲ್ ಯಂತ್ರ ಕೆಟ್ಟರೆ ಅವರು ಮೊದಲು ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ. ಸುಮ್ಮನೆ ನಿಂತು ಕೇಳುತ್ತಿದ್ದರು. ಎಲ್ಲಿ ಕಿರ್ರೆನ್ನುತ್ತದೆ, ಯಾವ ಸುತ್ತಿನಲ್ಲಿ ತಡವರಿಸುತ್ತದೆ, ಹಾಳೆಯ ಯಾವ ಮೂಲೆಗೆ ಮಸಿ ಹತ್ತಿಲ್ಲ. ಆಮೇಲೆ ಒಂದೇ ಒಂದು ನಟ್ಟು ತಿರುಗಿಸಿ, ಒಂದು ಹಾಳೆ ಹೊಡೆದು ನೋಡುತ್ತಿದ್ದರು. ಎರಡು ನಟ್ಟು ಒಟ್ಟಿಗೆ ತಿರುಗಿಸಿದ ಹುಡುಗನಿಗೆ, ಅಂದರೆ ನನಗೆ, ಬೈಗುಳ ಬೀಳುತ್ತಿತ್ತು. "ಈಗ ಯಾವುದರಿಂದ ಸರಿಹೋಯ್ತು ಅಂತ ಹೇಗೆ ಹೇಳ್ತೀಯೋ?"

ಆ ಬೈಗುಳವೇ ಇವತ್ತಿಗೂ ನನ್ನ ಕಂಪ್ಯೂಟರ್ ವಿದ್ಯೆ.

ಲಿನಕ್ಸ್ ಎಂದರೇನು, 1991ರಲ್ಲಿ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ 21ರ ಹುಡುಗ ಅದನ್ನು ಹೇಗೆ ಶುರುಮಾಡಿದ ಎಂಬುದೆಲ್ಲ ನಿಮಗೆ ಗೊತ್ತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಂತಿತು. 11ನ್ನು ಹಾಕೋಣವೆಂದರೆ ಟಿಪಿಎಂ 2.0 ಬೇಕು, ಪ್ರೊಸೆಸರ್ ಅವರ ಪಟ್ಟಿಯಲ್ಲಿರಬೇಕು. ಕೈಕಾಲು ಗಟ್ಟಿಯಿರುವ ಎಷ್ಟೋ ಯಂತ್ರಗಳು ಗುಜರಿಯ ದಾರಿ ಹಿಡಿದವು. ನಿಮ್ಮಲ್ಲಿ ಹಲವರು ಗುಜರಿಗೆ ಹಾಕದೆ ಲಿನಕ್ಸ್ ಹಾಕಿದ್ದೀರಿ. ಭೇಷ್. ಆದರೆ ಮೊದಲ ತೊಂದರೆ ಬಂದ ದಿನ ಏನು ಮಾಡುತ್ತೀರಿ? ಪರದೆಯ ಮೇಲೆ ನಾಲ್ಕು ಸಾಲು ಬಂದರೆ ಓದದೆ ಕ್ಲೋಸ್ ಒತ್ತುತ್ತೀರಿ. ಆಮೇಲೆ ಅಂಗಡಿಗೆ ಓಡುತ್ತೀರಿ. ಅಲ್ಲಿ ಒಂದೇ ಮಂತ್ರ: ಫಾರ್ಮ್ಯಾಟ್!

ಆ ಮಂತ್ರಕ್ಕೆ ನಾನೂ ತಲೆಬಾಗುವವನಿದ್ದೆ. ಆ ಕಥೆ ಕೇಳಿ.

ನಮ್ಮ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಒಕ್ಕಲುತನದ ಮಾತುಗಳನ್ನು ಕೂಡಿಸುತ್ತಿದ್ದರು. ಮೇಳಿ, ಈಸು, ಕುಳ, ನೊಗ, ಮಿಣಿ, ಹೀಗೆ. ಟ್ರ್ಯಾಕ್ಟರ್ ಬಂದ ಮೇಲೆ ನೇಗಿಲೂ ಹೋಯಿತು, ಅದರ ಜೊತೆ ಹೆಸರುಗಳೂ ಹೋಗುತ್ತಿವೆ ಎಂಬ ಸಂಕಟ ಅವರದು. ಒಂಬತ್ತು ವರ್ಷ ಊರೂರು ತಿರುಗಿ ಚೀಟಿಗಳಲ್ಲಿ ಬರೆದು ಟಿನ್ನಿನ ಡಬ್ಬದಲ್ಲಿ ತುಂಬಿ ತಂದುಕೊಟ್ಟರು. ನಾನು ರಾತ್ರಿ ಹೊತ್ತು ಮನೆಯಲ್ಲಿ ಕೂತು ಟೈಪ್ ಮಾಡಿದೆ. ಅವರು ಬರೆದಿದ್ದ ನೇಗಿಲು, ಕುಂಟೆ, ಕೂರಿಗೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿದೆ. ಕೆಲಸ ಮುಗಿಯಿತೆಂದು ಡಬ್ಬ ವಾಪಸು ಕೊಟ್ಟೆ. ಅವರ ಮನೆಯ ಅಟ್ಟದಲ್ಲಿ ಅದಕ್ಕೆ ಗೆದ್ದಲು ಹಿಡಿಯಿತು. ಇನ್ನು ಉಳಿದದ್ದು ನನ್ನ ಮನೆಯ ಕಂಪ್ಯೂಟರಿನೊಳಗಿದ್ದ ಒಂದೇ ಪ್ರತಿ. ಒಂದೇ! ಪ್ರೆಸ್ ನಡೆಸುವವನು ಒಂದೇ ಪ್ರತಿ ಇಟ್ಟುಕೊಂಡಿದ್ದ. ನಗಿ, ನಗಬೇಕಾದ ಮಾತೇ.

ಒಂದು ಸಂಜೆ ಪಾಸ್‌ವರ್ಡ್ ಕೊಟ್ಟೆ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಪಾಸ್‌ವರ್ಡ್ ಕೇಳುವ ಜಾಗಕ್ಕೇ ಬಂತು. ಮತ್ತೆ ಕೊಟ್ಟೆ, ಮತ್ತೆ ಅದೇ. ಹತ್ತು ಸಲ. ಅಂಗಡಿಯ ಹುಡುಗ ಫೋನಿನಲ್ಲೇ ತೀರ್ಪು ಕೊಟ್ಟ: "ಓಎಸ್ ಹೋಗಿದೆ ಸಾರ್, ಫಾರ್ಮ್ಯಾಟ್ ಮಾಡ್ಬೇಕು, ಡೇಟಾ ಹೋಗುತ್ತೆ." ಮೇಷ್ಟ್ರಿಗೆ ಆಗ ಹುಷಾರಿರಲಿಲ್ಲ. ಪುಸ್ತಕ ಯಾವಾಗ ಎಂದು ಮಗನ ಕೈಲಿ ಕೇಳಿಸುತ್ತಿದ್ದರು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಆಗ ಅಪ್ಪನ ಹಾಗೆ ಸುಮ್ಮನೆ ನೋಡಿದೆ. ಪಾಸ್‌ವರ್ಡ್ ತಪ್ಪಾಗಿದ್ದರೆ ತಪ್ಪು ಎಂದು ಹೇಳಬೇಕಿತ್ತು. ಹೇಳುತ್ತಿಲ್ಲ. ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಟ್ಟೆ, ತಪ್ಪು ಎಂದಿತು. ಅಂದರೆ ಸರಿಯಾದದ್ದನ್ನು ಅದು ಒಪ್ಪುತ್ತಿದೆ, ಒಳಗೆ ಬಿಡುತ್ತಿದೆ, ಒಳಗೆ ಹೋದ ಮೇಲೆ ಏನೋ ಆಗಿ ಹೊರಗೆ ತಳ್ಳುತ್ತಿದೆ. ಯಂತ್ರ ಸತ್ತಿಲ್ಲ! ಬೇನೆ ಬಾಗಿಲಿನದಲ್ಲ, ಮನೆಯೊಳಗಿನದು.

ಇಂಥ ಹೊತ್ತಿನಲ್ಲಿ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಚಿತ್ರ, ಐಕಾನು ಏನೂ ಇಲ್ಲದ ಕಪ್ಪು ಪರದೆ ಬರುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಬಹುದು. ಪಾಸ್‌ವರ್ಡ್ ಒತ್ತುವಾಗ ಒಂದು ಚುಕ್ಕೆಯೂ ಮೂಡುವುದಿಲ್ಲ, ಕೀಲಿಮಣೆ ಕೆಟ್ಟಿದೆ ಎಂದು ಹೆದರಬೇಡಿ. ನನ್ನ ಲಿನಕ್ಸ್ ಮಿಂಟ್‌ನಲ್ಲಿ ಕಂಟ್ರೋಲ್, ಆಲ್ಟ್, ಎಫ್7 ಒತ್ತಿದರೆ ಮತ್ತೆ ಚಿತ್ರದ ಪರದೆ. ಅಲ್ಲಿ ನಾನು ಒತ್ತಿದ ಮೊದಲ ಆಜ್ಞೆ ‘ಡಿಎಫ್’, ಒಂದು ಜಾಗ ಬಿಟ್ಟು, ಅಡ್ಡಗೀಟು, ‘ಎಚ್’. (ಆಜ್ಞೆಗಳನ್ನು ನಾನು ಉಚ್ಚಾರಣೆಯಂತೆ ಹೇಳುತ್ತಿದ್ದೇನೆ. ಒತ್ತುವುದು ಇಂಗ್ಲಿಷಿನ ಸಣ್ಣಕ್ಷರದಲ್ಲಿ.) ಡಿಸ್ಕಿನಲ್ಲಿ ಎಷ್ಟು ತುಂಬಿದೆ, ಎಷ್ಟು ಖಾಲಿ ಎಂದು ಅದು ಪಟ್ಟಿ ಕೊಡುತ್ತದೆ. ನನ್ನ 120 ಜಿಬಿ ಡಿಸ್ಕಿನ ಎದುರು 100% ಎಂದಿತ್ತು. ಖಾಲಿ: ಸೊನ್ನೆ.

ಅರ್ಥವಾಯಿತೇ? ನೀವು ಒಳಗೆ ಬಂದಾಗ ಯಂತ್ರ ಒಂದಿಷ್ಟು ಸಣ್ಣ ಸಣ್ಣ ಫೈಲುಗಳನ್ನು ಬರೆದುಕೊಳ್ಳಬೇಕು. ಬರೆಯಲು ಜಾಗವಿಲ್ಲ. ಅದಕ್ಕೆ ವಾಪಸು ಕಳಿಸುತ್ತಿತ್ತು. ಇದಕ್ಕೆ ಫಾರ್ಮ್ಯಾಟ್ ಎಂದರೆ ನೆಂಟರಿಗೆ ಕೂರಲು ಜಾಗವಿಲ್ಲವೆಂದು ಮನೆಯನ್ನೇ ಕೆಡವಿದಂತೆ.

ತುಂಬಿಸಿದವನು ಯಾರು? ನಾನೇ. ಎ4 ಹಾಳೆಯನ್ನು 600 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಟಿಫ್ ಫೈಲಾಗಿ ಕುಗ್ಗಿಸದೆ ಇಟ್ಟರೆ ಒಂದು ಹಾಳೆಗೆ ಸುಮಾರು 100 ಎಂಬಿ. ಮುನ್ನೂರು ಹಾಳೆಗೆ 30 ಜಿಬಿ. ಕೆಟ್ಟದಾಗಿ ಬಂದ ಸ್ಕ್ಯಾನುಗಳನ್ನು ಅಳಿಸಿದ್ದೆ, ಹೋಯಿತೆಂದುಕೊಂಡಿದ್ದೆ. ಅವು ಹೋಗಿರಲಿಲ್ಲ, ಕಸದ ಬುಟ್ಟಿಯಲ್ಲಿ ಕೂತಿದ್ದವು. ಬುಟ್ಟಿಯೂ ಅದೇ ಡಿಸ್ಕಿನ ಮೇಲೆಯೇ ಇರುವುದಲ್ಲವೇ?

ಇನ್ನು ಮೇಷ್ಟ್ರ ಫೈಲು. ‘ಎಲ್‌ಎಸ್’ ಎಂದು ಒತ್ತಿ ಪಟ್ಟಿ ತರಿಸಿದೆ. ಎದೆ ಧಸಕ್ಕೆಂದಿತು. ಕನ್ನಡದಲ್ಲಿ ಹೆಸರಿಟ್ಟಿದ್ದ ಫೈಲುಗಳೆಲ್ಲ ಚೌಕ ಚೌಕ ಚೌಕ. ಒಂದಕ್ಷರ ಓದಲಾಗದು. ನಾನು ಅಭಿಮಾನದಿಂದ ಇಡೀ ಕಂಪ್ಯೂಟರನ್ನು ಕನ್ನಡ ಮಾಡಿಕೊಂಡವನು, ಫೋಲ್ಡರಿನ ಹೆಸರಿನಿಂದ ಹಿಡಿದು ವಾರದ ಹೆಸರಿನವರೆಗೆ. ಎಲ್ಲ ಹಾಳಾಯಿತು, ಕನ್ನಡದಲ್ಲಿ ಹೆಸರಿಟ್ಟದ್ದೇ ತಪ್ಪಾಯಿತು ಎಂದು ಒಂದು ಗಳಿಗೆ ಅನ್ನಿಸಿತು. ಸುಳ್ಳೇಕೆ ಹೇಳಲಿ?

ಹಾಳಾಗಿರಲಿಲ್ಲ. ಮೊಳೆ ಜೋಡಿಸಿದವನಿಗೆ ಇದು ಬೇಗ ತಿಳಿಯುತ್ತದೆ. ಆ ಕಪ್ಪು ಪರದೆಯ ಫಾಂಟಿನಲ್ಲಿ 256, ಹೆಚ್ಚೆಂದರೆ 512 ಅಕ್ಷರರೂಪಗಳಿಗಷ್ಟೇ ಜಾಗ. ಒಂದೊಂದೂ ಒಂದೇ ಅಳತೆಯ ಗೂಡಿನಲ್ಲಿ ಕೂರಬೇಕು. ಒತ್ತಕ್ಷರವನ್ನು ಕೆಳಗಿಳಿಸಿ ಕೂರಿಸುವುದು, ಗುಣಿತ ಕೂಡಿಸುವುದು ಅದಕ್ಕೆ ಬರದು. ಇಂಗ್ಲಿಷ್ ಮೊಳೆಗಳ ಕೇಸನ್ನು ಮುಂದಿಟ್ಟು ಕನ್ನಡ ಜೋಡಿಸು ಎಂದರೆ ಏನು ಮಾಡೀತು? ಖಾಲಿ ಚೌಕ ಇಡುತ್ತದೆ. ಡಿಸ್ಕಿನ ಒಳಗೆ ಹೆಸರು ಯುನಿಕೋಡಿನಲ್ಲಿ ಕ್ಷೇಮವಾಗಿಯೇ ಇತ್ತು. ಕಾಣದಿದ್ದದ್ದು ನನಗೆ ಮಾತ್ರ.

ಆದ್ದರಿಂದ ಕುರುಡಾಗಿ ಏನನ್ನೂ ಅಳಿಸಲಿಲ್ಲ. ಲಿನಕ್ಸ್ ಹಾಕುವಾಗ ಮಾಡಿಟ್ಟಿದ್ದ ಪೆನ್ ಡ್ರೈವ್ ಹುಡುಕಿದೆ. ಅದರಿಂದಲೇ ಕಂಪ್ಯೂಟರ್ ಶುರು ಮಾಡಬಹುದು, ಡಿಸ್ಕಿಗೆ ಏನನ್ನೂ ಹಾಕದೆ. ‘ಇನ್‌ಸ್ಟಾಲ್’ ಗುಂಡಿ ಮಾತ್ರ ಒತ್ತಬಾರದು. ಚಿತ್ರದ ಪರದೆ ಬಂತು, ಡಿಸ್ಕ್ ತೆರೆದೆ, ಹೆಸರುಗಳೆಲ್ಲ ಕನ್ನಡದಲ್ಲೇ ಕಂಡವು. ಮೇಷ್ಟ್ರ ಫೋಲ್ಡರನ್ನು ಇನ್ನೊಂದು ಪೆನ್ ಡ್ರೈವಿಗೆ ನಕಲು ಮಾಡಿ, ಅಲ್ಲಿಂದ ಪ್ರೆಸ್ಸಿನ ಕಂಪ್ಯೂಟರಿಗೂ ಹಾಕಿ, ತೆರೆದು ನೋಡಿದೆ. ಆಮೇಲೆಯೇ ಕಸದ ಬುಟ್ಟಿಗೆ ಕೈ ಹಾಕಿದ್ದು. ನಿಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ‘ಲೋಕಲ್’ ಎಂಬ ಬಚ್ಚಿಟ್ಟ ಫೋಲ್ಡರ್ ಇದೆ. ಅದರೊಳಗೆ ‘ಷೇರ್’, ಅದರೊಳಗೆ ‘ಟ್ರ್ಯಾಶ್’. ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಬಚ್ಚಿಟ್ಟವು ಕಾಣುತ್ತವೆ. ಅದನ್ನು ಖಾಲಿ ಮಾಡಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿದೆ. ಪಾಸ್‌ವರ್ಡ್ ಕೊಟ್ಟೆ. ಒಳಗೆ ಬಿಟ್ಟಿತು. ಬೆಳಗಿನ ಜಾವ ಮೂರೂವರೆ. ಹೆಂಡತಿಯನ್ನು ಎಬ್ಬಿಸಿ ಹೇಳಿದೆ, ಮಲಗಿ ಅಂದಳು.

ಮಾರನೆಯ ದಿನ ‘ಸುಡೊ ಎಪಿಟಿ ಕ್ಲೀನ್’ ಒತ್ತಿ, ಹಳೆಯ ಅಪ್‌ಡೇಟುಗಳಿಗಾಗಿ ಇಳಿಸಿಕೊಂಡು ಇಟ್ಟಿದ್ದ ಪ್ಯಾಕೇಜುಗಳನ್ನೂ ತೆಗೆದೆ. ಅದರಿಂದ ನಿಮ್ಮ ಫೈಲುಗಳಿಗೆ ಏನೂ ಆಗದು.

ಈಗ ನಿಮ್ಮಲ್ಲಿ ಕೆಲವರು ಕೇಳುತ್ತೀರಿ, ಇಷ್ಟೆಲ್ಲ ತಾಪತ್ರಯ ಏಕೆ, ಕಂಪ್ಯೂಟರನ್ನು ಇಂಗ್ಲಿಷಿನಲ್ಲೇ ಇಟ್ಟುಕೊಳ್ಳಬಾರದೇ ಎಂದು. ನಾನು ಇಟ್ಟುಕೊಳ್ಳಲಾರೆ. ಆದರೆ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ದೋಷದ ಸಂದೇಶ ಕನ್ನಡದಲ್ಲಿ ಬಂದರೆ ಓದಲು ಸುಖ, ಹುಡುಕಲು ಕಷ್ಟ. ಅದೇ ಸಾಲನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಉತ್ತರ ಬರೆದಿಟ್ಟವರು ಸಿಗುವುದು ಅಪರೂಪ. ಇದಕ್ಕೆ ಉಪಾಯವಿದೆ. ಟರ್ಮಿನಲ್ ತೆರೆದು ‘ಎಲ್‌ಸಿ’, ಅಡಿಗೆರೆ, ‘ಆಲ್’, ಸಮಚಿಹ್ನೆ, ‘ಸಿ’ ಎಂದು ದೊಡ್ಡಕ್ಷರದಲ್ಲಿ ಒತ್ತಿ, ಜಾಗ ಬಿಟ್ಟು ಆ ತಂತ್ರಾಂಶದ ಹೆಸರು ಒತ್ತಿ. ಆ ಒಂದು ಸಲಕ್ಕೆ ಮಾತ್ರ ಅದು ಇಂಗ್ಲಿಷಿನಲ್ಲಿ ಮಾತಾಡುತ್ತದೆ, ಉಳಿದದ್ದೆಲ್ಲ ಕನ್ನಡದಲ್ಲೇ ಇರುತ್ತದೆ. ಆ ಸಾಲನ್ನು ಹುಡುಕಿ. ಪರಿಹಾರ ಸಿಕ್ಕಿದ ಮೇಲೆ ಅದನ್ನು ಕನ್ನಡದಲ್ಲಿ ನಾಲ್ಕು ಜನಕ್ಕೆ ಕಾಣುವ ಕಡೆ ಬರೆದಿಡಿ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಇವತ್ತು ಕನ್ನಡದಲ್ಲಿ ಇವೆಯೆಂದರೆ ಯಾರೋ ಹುಡುಗರು ರಾತ್ರಿ ಕೂತು ಒಂದೊಂದು ಸಾಲನ್ನೂ ಕನ್ನಡಿಸಿದ್ದರಿಂದ.

ಪ್ರೆಸ್ಸಿಗೆ ಬರುವ ಹುಡುಗರು ಹೆಚ್ಚು ಕೇಳುವ ದೂರು ಇನ್ನೊಂದು: "ಅಣ್ಣಾ, ಲಿನಕ್ಸ್‌ನಲ್ಲಿ ಕನ್ನಡ ಕೆಟ್ಟು ಬರುತ್ತೆ." ಕೆಟ್ಟು ಎಂದರೆ ಹೇಗೆ? ಅದನ್ನು ನೋಡಿ ಹೇಳಿ. ಖಾಲಿ ಚೌಕ ಕಂಡರೆ ಕನ್ನಡ ಫಾಂಟ್ ಇಲ್ಲ. ಮಿಂಟ್, ಉಬುಂಟು, ಡೆಬಿಯನ್‌ಗಳಲ್ಲಿ ಗುಬ್ಬಿ, ನವಿಲು, ಲೋಹಿತ್, ನೋಟೊ ಇವೆಲ್ಲ ಪುಕ್ಕಟೆ, ಒಂದನ್ನು ಹಾಕಿ. ಗುಣಿತದ ಚಿಹ್ನೆಯ ಪಕ್ಕ ಚುಕ್ಕೆಗಳ ವೃತ್ತ ಕಂಡರೆ ಫಾಂಟ್ ಸರಿಯಿದೆ, ಟೈಪ್ ಮಾಡಿದವರು ವ್ಯಂಜನ ಬಿಟ್ಟು ಬರೀ ಗುಣಿತ ಒತ್ತಿದ್ದಾರೆ. ಇಂಗ್ಲಿಷ್ ಅಕ್ಷರ, ಆವರಣ, ವಿಚಿತ್ರ ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಹಳೆಯ ನುಡಿ, ಬರಹ, ಶ್ರೀಲಿಪಿಗಳ ಕಾಲದ ಬರಹ. ಅಲ್ಲಿ ಇಂಗ್ಲಿಷ್ ಸಂಕೇತಗಳ ಮೇಲೆಯೇ ಕನ್ನಡದ ಆಕಾರ ಕೂರಿಸಿದ್ದರು. ಅದೇ ಫಾಂಟ್ ಹಾಕಬೇಕು, ಇಲ್ಲವೇ ಯುನಿಕೋಡಿಗೆ ಪರಿವರ್ತಿಸಬೇಕು. ಮೂರು ಬೇನೆಗೆ ಮೂರು ಮದ್ದು. ಮೂರಕ್ಕೂ ‘ಲಿನಕ್ಸ್ ಸರಿಯಿಲ್ಲ’ ಎಂದರೆ ಯಾವುದೂ ವಾಸಿಯಾಗದು. ಕೀಲಿಮಣೆಯ ಚಿಂತೆ ಬೇಡ. ಕೆ.ಪಿ. ರಾವ್ ಅವರ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಭಾಷೆಗಳ ಪಟ್ಟಿಯಲ್ಲೇ ಇದೆ.

ಇನ್ನು ಚಿಲ್ಲರೆ ರಗಳೆಗಳು. ಸ್ಪೀಕರಿನಿಂದ ಸದ್ದು ಬರದಿದ್ದರೆ ಡ್ರೈವರ್ ಹುಡುಕಬೇಡಿ. ಎಚ್‌ಡಿಎಂಐ ತಂತಿ ಹಾಕಿದಾಗ ಸದ್ದು ಎಷ್ಟೋ ಸಲ ಟಿವಿಯ ಕಡೆಗೆ ಹೋಗಿಬಿಡುತ್ತದೆ, ಸೆಟ್ಟಿಂಗಿನಲ್ಲಿ ‘ಔಟ್‌ಪುಟ್’ ಬದಲಿಸಿ. ಪ್ರಿಂಟರ್ ಮಾತಾಡದಿದ್ದರೆ ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’, ಎರಡು ಚುಕ್ಕೆ, 631 ಎಂದು ಕೊಡಿ. ಪ್ರಿಂಟರ್ ನಿಂತಿದೆಯೇ, ಯಾವ ಕೆಲಸ ಸಿಕ್ಕಿಹಾಕಿಕೊಂಡಿದೆ ಎಂದು ಅಲ್ಲೇ ಬರೆದಿರುತ್ತದೆ. ಹಳೆಯ ಡೆಸ್ಕ್‌ಟಾಪಿನಲ್ಲಿ ಒಂದೂ ವೆಬ್‌ಸೈಟು ತೆರೆಯದೆ, ಸುರಕ್ಷಿತವಲ್ಲ ಎಂದು ಎಚ್ಚರಿಸುತ್ತಿದ್ದರೆ ಮೊದಲು ಮೂಲೆಯ ತಾರೀಖು ನೋಡಿ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತು, ಸಮಯವನ್ನು ಇಂಟರ್ನೆಟ್ಟಿನಿಂದ ಪಡೆಯುವುದೂ ಆಫ್ ಆಗಿದ್ದರೆ ಯಂತ್ರ ಎಷ್ಟೋ ವರ್ಷ ಹಿಂದಿನ ತಾರೀಖಿನಲ್ಲಿ ಬದುಕುತ್ತಿರುತ್ತದೆ. ಬಟನ್ ಸೆಲ್, ಚಿಲ್ಲರೆ ಕಾಸಿನದು.

ಆದರೆ ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನತೊಡಗಿದರೆ, ‘ಸುಡೊ ಡಿಮೆಸೇಜ್’ ಒತ್ತಿದಾಗ (ಅಕ್ಷರಗಳು ಡಿ, ಎಂ, ಇ, ಎಸ್, ಜಿ) ‘ಐ/ಒ ಎರರ್’ ಎಂಬ ಸಾಲು ಮತ್ತೆ ಮತ್ತೆ ಕಂಡರೆ ರಿಪೇರಿಯ ಮಾತೇ ಬೇಡ. ಮೊದಲು ಬೇಕಾದದ್ದನ್ನು ನಕಲು ಮಾಡಿಕೊಳ್ಳಿ. ಸಾಯುತ್ತಿರುವ ಡಿಸ್ಕಿಗೆ ದುರಸ್ತಿ ತಂತ್ರಾಂಶ ಓಡಿಸಿ ಉಸಿರು ನಿಲ್ಲಿಸಿದವರನ್ನು ನೋಡಿದ್ದೇನೆ.

ಮತ್ತೆ, ‘ಸುಡೊ’ ಎಂದರೆ ಮನೆಯ ಯಜಮಾನನ ಬೀಗದ ಕೈ. ಯಾರೋ ಬರೆದಿಟ್ಟ ಆಜ್ಞೆಯನ್ನು, ಈಗಿನ ಎಐ ಹೇಳಿಕೊಟ್ಟದ್ದನ್ನೂ ಸೇರಿಸಿ, ಅರ್ಥ ಮಾಡಿಕೊಳ್ಳದೆ ಅದರ ಮುಂದೆ ಅಂಟಿಸಬೇಡಿ. ‘ಆರ್‌ಎಂ’ ಎಂದು ಶುರುವಾಗಿದ್ದರೆ ಎರಡು ಸಲ ಓದಿ. ಅದು ಕಸದ ಬುಟ್ಟಿಗೆ ಹಾಕುವುದಿಲ್ಲ, ನೇರ ಅಳಿಸುತ್ತದೆ. ‘ಮ್ಯಾನ್’ ಎಂದು ಒತ್ತಿ ಆಜ್ಞೆಯ ಹೆಸರು ಕೊಟ್ಟರೆ ಅದು ಏನು ಮಾಡುತ್ತದೆಂಬ ಪುಟ ಬರುತ್ತದೆ. ಇಂಗ್ಲಿಷಿನಲ್ಲಿದೆ, ಒಣಕಲು ಬರಹ, ಆದರೂ ಓದಿ. ಪಿಯುಸಿಯವನಿಗೆ ಅರ್ಥವಾಗಿದೆ, ನಿಮಗೆ ಆಗದೇ?

ನನ್ನ ಬಳಿ 200 ಪುಟದ ಒಂದು ನೋಟ್‌ಬುಕ್ ಇದೆ. ಯಾವತ್ತು ಏನು ಕೆಟ್ಟಿತು, ಪರದೆಯ ಮೇಲೆ ಏನು ಬಂತು, ಏನು ಒತ್ತಿದೆ, ಏನಾಯಿತು, ಎಲ್ಲ ಕನ್ನಡದಲ್ಲಿದೆ. ಸರಿಹೋಗದೇ ಇದ್ದದ್ದನ್ನೂ ಬರೆದಿದ್ದೇನೆ. ಬೇಕಾದವರು ಪ್ರೆಸ್ಸಿಗೆ ಬಂದು ಜೆರಾಕ್ಸ್ ಮಾಡಿಕೊಳ್ಳಬಹುದು.

ಮೇಷ್ಟ್ರ ಪುಸ್ತಕ ಅಚ್ಚಾಯಿತು. ಮೊದಲ ಪ್ರತಿಯನ್ನು ಅವರು ಮಂಚದ ಮೇಲೆ ಕೂತೇ ಬಿಡಿಸಿದರು. ಮೂರನೆಯ ಪುಟದಲ್ಲಿ ಒಂದು ಅಚ್ಚಿನ ತಪ್ಪು ಹುಡುಕಿ ನನ್ನನ್ನು ಬೈದರು.

ಸಾಕು. ಆ ಕಡೆ ನೀಲಿ ಅಂಗಿಯ ತಮ್ಮ ಆಗಿನಿಂದ ಲ್ಯಾಪ್‌ಟಾಪ್ ತಬ್ಬಿಕೊಂಡು ಕೂತಿದ್ದಾನೆ, ವೈಫೈ ಬರುತ್ತಿಲ್ಲವಂತೆ. ಬಾಪ್ಪ, ತಾ ಇಲ್ಲಿ. ಟರ್ಮಿನಲ್ ತೆಗೆದು ‘ಆರ್‌ಎಫ್‌ಕಿಲ್ ಲಿಸ್ಟ್’ ಅಂತ ಒತ್ತು. ‘ಹಾರ್ಡ್ ಬ್ಲಾಕ್ಡ್’ ಎದುರು ‘ಯೆಸ್’ ಇದ್ದರೆ ನಿನ್ನ ಕೈ ತಾಗಿ ಲ್ಯಾಪ್‌ಟಾಪಿನ ಸ್ವಿಚ್ಚು ಆಫ್ ಆಗಿದೆ ಅಂತ ಅರ್ಥ. ಏನು ಬಂತು? ಜೋರಾಗಿ ಓದು, ಎಲ್ಲರಿಗೂ ಕೇಳಿಸಲಿ.