ಐದನೆಯ ತಂತಿಗೆ ಜಾಗ
(ಸಂಘದ ಭಜನಾಮಂಡಳಿಯ ಕೂಟದಲ್ಲಿ ಮಾಡಿದ ಭಾಷಣ)



ಎಲ್ಲರ ವರ್ಗಣಿಯಿಂದ ಕೊಂಡ ವಾದ್ಯವನ್ನು ಕೊರೆಯಿಸಿ ಹಾಳುಮಾಡಿದಿರೆಂದು ಕೆಲವರು ನಮ್ಮನ್ನು ಆಕ್ಷೇಪಿಸಿದ್ದಾರೆ. ಲೆಕ್ಕ ಕೇಳುವುದು ಅವರ ಹಕ್ಕು, ಒಪ್ಪಿಸುವುದು ನಮ್ಮ ಕರ್ತವ್ಯ. ಏಳನೆಯ ಇಯತ್ತೆಗೆ ಓದು ಬಿಟ್ಟು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದವರು ನಾವು; ಸಂಗೀತಶಾಸ್ತ್ರ ಬಲ್ಲವರಲ್ಲ. ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇವೆ.

ನಮ್ಮ ಮಂಡಳಿಗೆ ಪಿಟೀಲು ನುಡಿಸುವವರು ಒಬ್ಬರೇ. ಅವರೂ ರಾತ್ರಿಪಾಳಿಯ ಅಡಿಗೆಯವರು. ಗಂಡಸರು ತಗ್ಗಿದ ದನಿಯಲ್ಲಿ ಹಾಡಿದರೆ ಪಿಟೀಲು ಅಲ್ಲಿಗೆ ಇಳಿಯದು. ವಯೋಲಾ ಇಳಿಯುತ್ತದೆ, ಆದರೆ ಮಕ್ಕಳ ಹಾಡಿಗೆ ಬೇಕಾದ ಸಣ್ಣ ತಂತಿ ಅದಕ್ಕಿಲ್ಲ. ಪಾಶ್ಚಾತ್ಯ ಕ್ರಮದಲ್ಲಿ ಪಿಟೀಲಿನ ತಂತಿಗಳು ಜಿ, ಡಿ, ಎ, ಇ. ವಯೋಲಾದವು ಸಿ, ಜಿ, ಡಿ, ಎ. ಮೂರು ಎರಡಕ್ಕೂ ಸಮಾನ. ಐದು ತಂತಿಗಳಿದ್ದರೆ ಎರಡು ವಾದ್ಯಗಳ ಕೆಲಸ ಒಂದರಲ್ಲೇ ಆಗುತ್ತದೆ. ಅಮೇರಿಕೆಯ ಹಳ್ಳಿಹಾಡಿನ ಪಿಟೀಲುಗಾರರಲ್ಲಿ ಇಂಥದು ಬಳಕೆಯಲ್ಲಿದೆ. 1967ರಲ್ಲಿ ತೀರಿಕೊಂಡ ನಮ್ಮ ಮೈಸೂರು ಚೌಡಯ್ಯನವರು ಏಳು ತಂತಿಯ ಪಿಟೀಲನ್ನೇ ನುಡಿಸಿದರು. ಅವರು ತಂತಿ ಸೇರಿಸಿದ್ದು ನಾದ ತುಂಬಿ ದೂರ ಕೇಳಲೆಂದು. ನಮಗೆ ಬೇಕಾದದ್ದು ಇನ್ನೂ ಕೆಳಗಿಳಿಯುವ ದನಿ.

ದೊಡ್ಡ ವಯೋಲಾ ಏಕೆ ಕೊಳ್ಳಲಿಲ್ಲ ಎಂದು ಕೇಳಿದ್ದೀರಿ. ಪಿಟೀಲಿನ ತಂತಿಯ ಮಿಡಿಯುವ ಭಾಗ ಸುಮಾರು 33 ಸೆಂಟಿಮೀಟರ್. 16 ಅಂಗುಲದ ವಯೋಲಾದಲ್ಲಿ ಸುಮಾರು 37. ಅಷ್ಟುದ್ದದಲ್ಲಿ ಆ ಸಣ್ಣ ಇ ತಂತಿಯನ್ನು ಅದೇ ಸ್ವರಕ್ಕೆ ಏರಿಸಲು ಕಾಲುಭಾಗ ಹೆಚ್ಚು ಬಿಗಿಯಬೇಕು. ತಂತಿ ಹರಿಯುವ ಭಯ. ಆದುದರಿಂದ ಪಿಟೀಲಿನಷ್ಟೇ, 14 ಅಂಗುಲದ ಹಳೆಯ ವಯೋಲಾ ತಂದೆವು. ಗಿಡ್ಡ ಮೈಯಲ್ಲಿ ಸಿ ತಂತಿ ಸಡಿಲಾಗಿ ಗೊರಗುಟ್ಟುವುದರಿಂದ ಅದಕ್ಕೆ ಲೋಹ ಸುತ್ತಿದ ಭಾರದ ತಂತಿ ಹಾಕಿಸಿದೆವು.

ತಪ್ಪಾದದ್ದು ಬಿರಡೆಯಲ್ಲಿ. ಮೊದಲು ಕೊಟ್ಟ ಅಂಗಡಿಯಲ್ಲಿ ಎರಡು ಹಳೆಯ ರಂಧ್ರಗಳ ನಡುವೆ ಐದನೆಯದನ್ನು ಕೊರೆದರು. ಮರ ಕೂದಲೆಳೆಯಷ್ಟು ಸೀಳಿತು. ಅವಸರಪಟ್ಟು ಒಪ್ಪಿದವರು ನಾವೇ. ಆ ತಪ್ಪು ನಮ್ಮದು.

ಬಳಿಕ ಇನ್ನೊಬ್ಬ ಮುದುಕ ಮೇಸ್ತ್ರಿ ಸೀಳನ್ನು ಅಂಟಿಸಿ, ಎಲ್ಲ ರಂಧ್ರಗಳಿಗೂ ಗಟ್ಟಿಮರ ತುಂಬಿ, ಐದನ್ನೂ ಹೊಸದಾಗಿ ಅಳೆದು ಕೊರೆದರು. "ಹೊಸಬನಿಗೆ ಮಾತ್ರ ಜಾಗ ಹುಡುಕಿದರೆ ಮರ ಸೀಳುತ್ತದೆ. ಹಳಬರೂ ಸ್ವಲ್ಪ ಸರಿಯಬೇಕು" ಎಂದರು. ಕುದುರೆಯೂ ಹೊಸದೇ. ಅದರ ಬೆನ್ನು ತಕ್ಕಷ್ಟು ಬಾಗಿರದಿದ್ದರೆ ಒಂದು ತಂತಿಗೆ ಎಳೆದ ಕಮಾನು ಪಕ್ಕದ್ದನ್ನೂ ಸವರುತ್ತದೆ. ಬುಡದ ಹಲಗೆಗೆ ಐದು ತೂತು ಬಿದ್ದವು. ಒಳಗಿನ ಕಂಬವನ್ನು ಕೂದಲೆಳೆಯಷ್ಟು ಸರಿಸಿ ದನಿ ಕೂಡಿಸಿದರು.

ಸಿ ತಂತಿ ದೊಡ್ಡ ವಯೋಲಾದಷ್ಟು ತುಂಬಿ ನುಡಿಯದು, ಇದನ್ನು ಮುಚ್ಚಿಡುವುದಿಲ್ಲ. ಆದರೆ ಕಳೆದ ಭಾನುವಾರ ಅದೇ ವಾದ್ಯಕ್ಕೆ ಗಂಡಸರೂ ಮಕ್ಕಳೂ ಹಾಡಿದ್ದನ್ನು ನೀವೇ ಕೇಳಿದಿರಿ. ಎರಡು ಅಂಗಡಿಗಳ ಚೀಟಿಗಳನ್ನೂ ಸಂಘದ ಫಲಕಕ್ಕೆ ಅಂಟಿಸಿದ್ದೇವೆ. ಸೀಳು ಕೂಡಿಸಿದ ಖರ್ಚು ವರ್ಗಣಿಯ ಲೆಕ್ಕಕ್ಕೆ ಬರದು. ಅದನ್ನು ನಾವು ಭರಿಸಿದ್ದೇವೆ.

ನಾಲ್ವರ ಖೋಲಿಗೆ ಊರಿನಿಂದ ಐದನೆಯ ಹುಡುಗ ಬಂದಾಗ ನಾವೆಲ್ಲ ಚಾಪೆ ಸರಿಸಿದವರೇ. ಮೇಸ್ತ್ರಿಯ ಮಾತು ನಮಗೆ ಹೊಸದೇನಲ್ಲ. ಕೊರೆಯಿಸುವ ಮುಂಚೆ ನೆನಪಾಗಲಿಲ್ಲ, ಅಷ್ಟೇ.