ತುಳಿದವರ ಶ್ರದ್ಧೆ

ಧರ್ಮಕ್ಕಾಗಿ ಪ್ರಾಣ ತೆತ್ತವರನ್ನು ಇತಿಹಾಸ ಮರೆಯುವುದಿಲ್ಲ. 1597ರಲ್ಲಿ ಜಪಾನಿನ ನಾಗಸಾಕಿಯ ಗುಡ್ಡದ ಮೇಲೆ ಶಿಲುಬೆಗೇರಿದ 26 ಮಂದಿ ಕ್ರೈಸ್ತರನ್ನು ರೋಮಿನ ಧರ್ಮಸಭೆ 1862ರಲ್ಲಿ ಸಂತರೆಂದು ಸಾರಿತು. ನಾನು ಈಗ ನೆನೆಯಹೊರಟಿರುವುದು ಪ್ರಾಣ ಉಳಿಸಿಕೊಂಡವರನ್ನು.

1614ರಲ್ಲಿ ತೊಕುಗಾವ ಪ್ರಭುತ್ವ ಕ್ರೈಸ್ತಮತವನ್ನು ದೇಶದಾದ್ಯಂತ ನಿಷೇಧಿಸಿತು. ಮುಂದೆ ನಾಗಸಾಕಿಯ ಸೀಮೆಯಲ್ಲಿ ವರ್ಷಕ್ಕೊಮ್ಮೆ ಕ್ರಿಸ್ತನ ಅಥವಾ ಮರಿಯಳ ಬಿಂಬವನ್ನು ನೆಲದಲ್ಲಿಟ್ಟು, ಅಧಿಕಾರಿಗಳ ಕಣ್ಣೆದುರು ಜನರಿಂದ ತುಳಿಸುತ್ತಿದ್ದರು. ಒಲ್ಲೆನೆಂದವನಿಗೆ ಸೆರೆ, ಚಿತ್ರಹಿಂಸೆ, ಸಾವು. ಬಹುಮಂದಿ ತುಳಿದರು. ತುಳಿದು, ಮನೆಗೆ ಬಂದು, ಕದವಿಕ್ಕಿ ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಕೊಂಡರು. ಮರುವರ್ಷ ಮತ್ತೆ ತುಳಿದರು. ಇದನ್ನು ಹೇಡಿತನವೆನ್ನಲು ನನಗೆ ನಾಲಗೆ ಏಳದು.

ಪಾದ್ರಿಗಳಿಲ್ಲ, ಆಲಯವಿಲ್ಲ. ಊರಿನವನೊಬ್ಬನೇ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸುತ್ತಿದ್ದ. ಇನ್ನೊಬ್ಬ ಹಬ್ಬಗಳ ಲೆಕ್ಕವಿಡುತ್ತಿದ್ದ. ಮಗುವನ್ನೆತ್ತಿಕೊಂಡ ಬೌದ್ಧರ ಕನ್ನೋನ್ ದೇವಿಯೇ ಅವರ ಮರಿಯಮ್ಮ. ಲ್ಯಾಟಿನ್ ಪ್ರಾರ್ಥನೆಗಳು ಬಾಯಿಂದ ಬಾಯಿಗೆ ಸವೆದು ಅರ್ಥ ಕಳೆದುಕೊಂಡವು, ನಾದ ಉಳಿಯಿತು. ಅರ್ಥವರಿಯದ ಪಠಣವನ್ನು ಗಿಳಿಪಾಠವೆಂದು ನಗುವ ನಾವು ಇಲ್ಲಿ ತುಸು ತಡೆದು ನಗಬೇಕು.

1865ರ ಮಾರ್ಚ್ 17ರಂದು, ವಿದೇಶೀಯರಿಗಾಗಿ ನಾಗಸಾಕಿಯಲ್ಲಿ ಕಟ್ಟಿದ್ದ ಓವುರಾ ಚರ್ಚಿಗೆ ಉರಕಾಮಿ ಗ್ರಾಮದ ಕೆಲವರು ಬಂದರು. ಅವರಲ್ಲೊಬ್ಬಾಕೆ ಫ್ರೆಂಚ್ ಪಾದ್ರಿ ಪೆತಿಜಾನರ ಬಳಿ ಸರಿದು, ತಮ್ಮೆಲ್ಲರ ಹೃದಯವೂ ನಿಮ್ಮದರಂತೆಯೇ ಎಂದು ಪಿಸುಗುಟ್ಟಿದಳು. ಮರಿಯಮ್ಮನ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು.

ಗುಟ್ಟು ಹೊರಬಿತ್ತು. 1868ರಿಂದ ಹೊಸ ಮೇಯ್ಜಿ ಸರಕಾರ ಉರಕಾಮಿಯ 3,000ಕ್ಕೂ ಹೆಚ್ಚು ಜನರನ್ನು ದೂರದ ಸೀಮೆಗಳಿಗೆ ಗಡೀಪಾರು ಮಾಡಿತು. ನೂರಾರು ಮಂದಿ ಅಲ್ಲಿಯೇ ಮಡಿದರು. 1873ರಲ್ಲಿ ನಿಷೇಧದ ಫಲಕಗಳನ್ನು ಕಿತ್ತರು. ಮರಳಿ ಬಂದವರು, ತಮ್ಮ ಹಿರಿಯರು ಬಿಂಬ ತುಳಿಯುತ್ತಿದ್ದ ಗ್ರಾಮಾಧಿಕಾರಿಯ ಮನೆಯ ನಿವೇಶನವನ್ನೇ ಕೊಂಡು ಅಲ್ಲಿ ಚರ್ಚು ಕಟ್ಟತೊಡಗಿದರು. ಅದು ಮುಗಿಯುವ ಹೊತ್ತಿಗೆ 1914 ಆಗಿತ್ತು.